ಸಿಬಿಲ್ ಸ್ಕೋರೇ ಇಲ್ಲ, ಮೊದಲ ಕ್ರೆಡಿಟ್ ಕಾರ್ಡ್ ಹೇಗೆ ತಗೊಳ್ಳಲಿ?

ಸೋಮವಾರಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಕುಶಾಲನಗರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 17,000, ಅಕೌಂಟ್‌ಗೇ ಬರುತ್ತದೆ. ಊರಲ್ಲಿ ಎರಡು ಎಕರೆ ಕಾಫಿ ಇದೆ, ಅದರ ಮೇಲೆ ಅಪ್ಪನ ಹೆಸರಲ್ಲಿ ಬೆಳೆ ಸಾಲ ಇದೆ. ನನ್ನ ಹೆಸರಲ್ಲಿ ಒಂದು ರೂಪಾಯಿ ಸಾಲವೂ ಇಲ್ಲ. ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದರೆ ಹಿಸ್ಟರಿ (ಹಿಂದೆ ಸಾಲ ತೆಗೆದು ಕಟ್ಟಿದ ದಾಖಲೆ) ಇಲ್ಲ ಅಂತ ವಾಪಸ್ ಬಂತು. ಮುಂದೆ ಮನೆ ಪಕ್ಕ ಹೋಮ್‌ಸ್ಟೇಗೆ ಎರಡು ರೂಮ್ ಕಟ್ಟುವ ಆಸೆ ಇದೆ. ಆಗ ಬ್ಯಾಂಕ್ ಸಾಲ ಬೇಕೇ ಬೇಕು. ಇನ್ನೂ ಎರಡು ಮೂರು ಬ್ಯಾಂಕ್‌ಗೆ ಅರ್ಜಿ ಹಾಕಿ ನೋಡಲಾ?

ಮಡಿಕೇರಿಯಿಂದ:
ಬೇಡ. ಒಂದೊಂದು ಅರ್ಜಿಯೂ ನಿಮ್ಮ ಸಿಬಿಲ್ ರಿಪೋರ್ಟ್‌ನಲ್ಲಿ, ಅಂದರೆ ಬ್ಯಾಂಕ್‌ನವರು ನೋಡುವ ಸಾಲದ ವಿವರದಲ್ಲಿ, ದಾಖಲಾಗುತ್ತದೆ. ಮೇಲಿಂದ ಮೇಲೆ ಹಾಕಿದರೆ ಮುಂದಿನ ಬ್ಯಾಂಕ್‌ನವರಿಗೆ ಅನುಮಾನ ಬರುತ್ತದೆ.

ಗೋಣಿಕೊಪ್ಪದ ಅಕ್ಕ:
ತಮ್ಮಾ, ಸ್ಕೋರ್ ಇಲ್ಲದಿರುವುದು ಬೇರೆ, ಕಡಿಮೆ ಇರುವುದು ಬೇರೆ. ಸಿಬಿಲ್ ಸ್ಕೋರ್ ಅಂದರೆ ಸಾಲ ಎಷ್ಟು ಸರಿಯಾಗಿ ಕಟ್ಟುತ್ತೀಯ ಅಂತ ತೋರಿಸುವ ಅಂಕ, 300ರಿಂದ 900ರವರೆಗೆ ಇರುತ್ತದೆ. ನಿನ್ನದು ಇನ್ನೂ ಶುರುವೇ ಆಗಿಲ್ಲ, ಅಷ್ಟೇ.

ನಿನ್ನ ಸಂಬಳ ಬರುವ ಬ್ಯಾಂಕ್‌ಗೇ ಹೋಗಿ, ಎಫ್‌ಡಿ ಮೇಲೆ ಕೊಡುವ ಕಾರ್ಡ್ ಕೇಳು. 20,000 ಎಫ್‌ಡಿ ಇಟ್ಟರೆ ಸಾಮಾನ್ಯವಾಗಿ ಅದರ ಮುಕ್ಕಾಲು ಭಾಗಕ್ಕಿಂತ ಕಡಿಮೆ ಲಿಮಿಟ್ ಇರುವುದಿಲ್ಲ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ನನ್ನ ತಮ್ಮನಿಗೂ ಇದನ್ನೇ ಮಾಡಿಸಿದೆ. ಅವನು ಕಾರ್ಡ್‌ನಲ್ಲಿ ಬೈಕ್‌ಗೆ ಪೆಟ್ರೋಲ್ ಹಾಕಿಸುತ್ತಾನೆ, ಮೊಬೈಲ್ ರೀಚಾರ್ಜ್ ಮಾಡುತ್ತಾನೆ. ಬೇರೆ ಏನೂ ಇಲ್ಲ. ಲಿಮಿಟ್‌ನ ಶೇ 30 ದಾಟದಂತೆ ನೋಡಿಕೊಂಡರೆ ಸ್ಕೋರ್‌ಗೆ ಒಳ್ಳೆಯದು. ಸುಮಾರು 6 ತಿಂಗಳು ಸರಿಯಾಗಿ ಕಟ್ಟಿದರೆ ಸ್ಕೋರ್ ಕಾಣಿಸಿಕೊಳ್ಳುತ್ತದೆ.

ಕಾರ್ಡ್ ಬಂದ ದಿನವೇ ಆಟೋ ಡೆಬಿಟ್ ಹಾಕಿಸು, ಬಿಲ್ಲಿನ ದುಡ್ಡು ಅಕೌಂಟ್‌ನಿಂದ ತಾನಾಗೇ ಹೋಗುತ್ತದೆ. ಫಾರಂನಲ್ಲಿ ಎರಡು ಖಾನೆ ಇರುತ್ತವೆ, ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಸಣ್ಣ ಭಾಗ) ಮತ್ತು ‘ಟೋಟಲ್ ಡ್ಯೂ’ (ಪೂರ್ತಿ ಬಿಲ್ಲು). ಎರಡನೆಯದಕ್ಕೇ ಟಿಕ್ ಹಾಕು. ಮಿನಿಮಮ್ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ 3.5 ಅಂತ ಇಟ್ಟುಕೋ, 10,000 ಬಾಕಿಗೆ 350 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 413. ಹೊಸದಾಗಿ ಏನು ಕೊಂಡರೂ ಅದಕ್ಕೂ ಅವತ್ತಿನಿಂದಲೇ ಬಡ್ಡಿ ಓಡುತ್ತದೆ. ನಮ್ಮ ಕಡೆ ಆಟೋ ಡೆಬಿಟ್ ಜಾಸ್ತಿ ಬೇಕು. ಜುಲೈ ಮಳೆಗೆ ಕರೆಂಟ್ ಹೋಗಿ, ಟವರ್ ಬಿದ್ದು, ಓಟಿಪಿಯೇ ಬರದ ದಿನ ಎಷ್ಟು ಇರುತ್ತವೆ ಅಂತ ನಿನಗೆ ಹೇಳಬೇಕಾ?

ಇನ್ನೊಂದು ಮಾತು. ತೋಟದ ಗೊಬ್ಬರ, ಔಷಧಿ ಕಾರ್ಡ್‌ನಲ್ಲಿ ತರಬೇಡ. ಕಾಫಿ ದುಡ್ಡು ವರ್ಷಕ್ಕೊಮ್ಮೆ, ಬಿಲ್ಲು ತಿಂಗಳು ತಿಂಗಳು. ಕುಯ್ಲು ಮುಗಿದ ಮೇಲೆ ಕಟ್ಟೋಣ ಅಂದುಕೊಂಡವರು ಬಡ್ಡಿಯಲ್ಲೇ ಮುಳುಗಿದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆಯಲೂ ಬೇಡ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ಸೋಮವಾರಪೇಟೆ ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ. ಅಪ್ಪ ಬೆಳೆ ಸಾಲ ಪ್ರತಿ ವರ್ಷ ಸರಿಯಾಗಿ ಕಟ್ಟುತ್ತಾರೆ. ಅದು ನನಗೆ ಲೆಕ್ಕಕ್ಕೆ ಬರಲ್ವಾ? ಯುಪಿಐ ಅಂತೂ ದಿನಾ ಮಾಡುತ್ತೇನೆ.

ವಿರಾಜಪೇಟೆಯಿಂದ:
ಎರಡೂ ಬರುವುದಿಲ್ಲ. ಯುಪಿಐನಲ್ಲಿ ಹೋಗುವುದು ನಿಮ್ಮದೇ ದುಡ್ಡು, ಸಾಲ ಅಲ್ಲ. ಅಪ್ಪನ ಸಾಲ ಅಪ್ಪನ ರಿಪೋರ್ಟ್‌ಗೆ. ಆದರೆ ಅದಕ್ಕೆ ನೀವು ಜಾಮೀನು ಹಾಕಿದ್ದರೆ ನಿಮ್ಮದರಲ್ಲೂ ಕಾಣಿಸುತ್ತದೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಸಿಬಿಲ್‌ನವರು ಉಚಿತವಾಗಿ ಕೊಡಲೇಬೇಕು. ತೆಗೆದು ನೋಡಿ. ಸ್ವಂತ ರಿಪೋರ್ಟ್ ನೋಡಿದರೆ ಸ್ಕೋರ್ ಇಳಿಯುವುದಿಲ್ಲ.

ಗೋಣಿಕೊಪ್ಪದ ಅಕ್ಕ:
ಎಫ್‌ಡಿ ಬಗ್ಗೆ ಒಂದು ಬಿಟ್ಟುಹೋಯಿತು. ಕಾರ್ಡ್ ಇರುವವರೆಗೆ ಆ ಎಫ್‌ಡಿ ಬ್ಯಾಂಕ್ ಹಿಡಿತದಲ್ಲಿ ಇರುತ್ತದೆ. ಬಾಕಿ ತೀರಿಸಿ ಕಾರ್ಡ್ ಕ್ಲೋಸ್ ಮಾಡಿಸದೆ ಮುರಿಸಲು ಬಿಡುವುದಿಲ್ಲ. ಕುಯ್ಲಿನ ಕೂಲಿಗೆ ಅಂತ ಅಪ್ಪ ಎತ್ತಿಟ್ಟ ದುಡ್ಡನ್ನು ಅದಕ್ಕೆ ಹಾಕಬೇಡ. ನಿನ್ನ ಸಂಬಳದಲ್ಲಿ ಉಳಿಸಿದ್ದನ್ನೇ ಹಾಕು, 15,000 ಆದರೂ ಸಾಕು. ಕೆಲವು ಬ್ಯಾಂಕ್‌ಗಳಲ್ಲಿ ಅಷ್ಟಕ್ಕೂ ಕೊಡುತ್ತಾರೆ, ಕೇಳಿ ನೋಡು.