ಇಂಗ್ಲೆಂಡಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವಾಗ ಸಾಲಿಸಿಟರ್ (ಕೊಳ್ಳುವ ಕಾನೂನು ಕೆಲಸ ನೋಡುವ ವಕೀಲರು) ಯಾರಿರಬೇಕು? ಪ್ರಶ್ನೋತ್ತರ

ಪ್ರಶ್ನೆ (ರೆಡಿಂಗ್‌ನಿಂದ ಒಬ್ಬ ಸದಸ್ಯೆ): ಮೇಡಂ, ನಮಸ್ಕಾರ. ನಾವು 4,25,000 ಪೌಂಡಿನ ಮನೆಗೆ ಹಾಕಿದ ಆಫರ್ ಒಪ್ಪಿಗೆಯಾಗಿದೆ. ಇಲ್ಲಿ ಇದೇ ನಮ್ಮ ಮೊದಲ ಮನೆ, ಮಾರ್ಟ್‌ಗೇಜ್ (ಮನೆ ಸಾಲ) ತಗೊಳ್ತಿದ್ದೇವೆ. "ನಮ್ಮ ಸಾಲಿಸಿಟರನ್ನೇ ಹಿಡಿಯಿರಿ, ಕೆಲಸ ಬೇಗ ಆಗುತ್ತೆ" ಅಂತ ಎಸ್ಟೇಟ್ ಏಜೆಂಟ್ ದಿನಾ ಫೋನ್ ಮಾಡ್ತಿದ್ದಾರೆ. ಆನ್‌ಲೈನ್‌ನಲ್ಲಿ ಅದರ ಅರ್ಧ ಫೀಸಿಗೆ ಬೇರೆಯವರು ಸಿಗ್ತಿದ್ದಾರೆ. ಯಾರನ್ನು ಆರಿಸಿಕೊಳ್ಳೋದು? ಯಜಮಾನರ ಹೆಸರಲ್ಲಿ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ ಅಲ್ವಾ?

ಉತ್ತರ: ನಮಸ್ಕಾರ. ನೀವು ಕೊನೆಯಲ್ಲಿ ಕೇಳಿದ್ದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅದನ್ನೇ ಮೊದಲು ನೋಡೋಣ.

ಸಂಬಂಧ ಖಂಡಿತ ಇದೆ. ಇಲ್ಲಿನ ಸ್ಟ್ಯಾಂಪ್ ಡ್ಯೂಟಿ ಲೆಕ್ಕಕ್ಕೆ ಪ್ರಪಂಚದ ಯಾವ ಮೂಲೆಯಲ್ಲಿರುವ ಮನೆಯೂ ಸೇರುತ್ತದೆ. ಇಬ್ಬರೂ ಎಲ್ಲೂ ಮನೆ ಹೊಂದಿರದೇ ಇದ್ದಿದ್ದರೆ ಈ ಮನೆಗೆ 6,250 ಪೌಂಡ್ ಕಟ್ಟಿದರೆ ಸಾಕಿತ್ತು. ಆ ಫ್ಲ್ಯಾಟ್ ಇರುವುದರಿಂದ ಮೊದಲ ಮನೆಯ ರಿಯಾಯಿತಿ ಹೋಗುತ್ತದೆ, ತೆರಿಗೆ 11,250 ಆಗುತ್ತದೆ. ಫ್ಲ್ಯಾಟಿನ ಬೆಲೆ 40,000 ಪೌಂಡ್ ಮುಟ್ಟಿದರೆ ಹೆಚ್ಚುವರಿ ಮನೆ ಅಂತ ಇನ್ನೂ ಶೇ. 5 ಸೇರುತ್ತದೆ, ಅದೂ ಪೂರ್ತಿ ಬೆಲೆಯ ಮೇಲೆ. ಒಟ್ಟು 32,500 ಪೌಂಡ್! ಮನೆಯನ್ನು ನಿಮ್ಮೊಬ್ಬರ ಹೆಸರಿಗೆ ಮಾಡಿಸಿದರೆ ತಪ್ಪುತ್ತದಾ ಅಂತ ಹಲವರು ಕೇಳುತ್ತಾರೆ. ಒಟ್ಟಿಗೆ ಬಾಳುವ ಗಂಡ ಹೆಂಡತಿಯನ್ನು ಈ ಹೆಚ್ಚುವರಿ ಶೇ. 5ರ ಲೆಕ್ಕದಲ್ಲಿ ಒಂದೇ ಅಂತ ನೋಡುತ್ತಾರೆ, ಹಾಗಾಗಿ ಅದು ತಪ್ಪುವುದಿಲ್ಲ.

ಸಾಲಿಸಿಟರ್ ಆಯ್ಕೆಗೂ ಇದಕ್ಕೂ ಏನು ಸಂಬಂಧ ಅಂದರೆ, ಕಡಿಮೆ ಫೀಸಿನ ಎಷ್ಟೋ ಕಡೆ ಒಪ್ಪಂದದ ಪತ್ರದಲ್ಲೇ "ತೆರಿಗೆ ಸಲಹೆ ಕೊಡುವುದಿಲ್ಲ" ಅಂತ ಬರೆದಿರುತ್ತಾರೆ. ಫ್ಲ್ಯಾಟಿನ ವಿಷಯ ಅವರು ಕೇಳೋದಿಲ್ಲ, ನೀವು ಹೇಳೋದಿಲ್ಲ. ರಿಟರ್ನ್ ತಪ್ಪಾಗಿ ಹೋಗುತ್ತದೆ. ಮುಂದೆ ತೆರಿಗೆ ಇಲಾಖೆ ಬಡ್ಡಿ, ದಂಡ ಸಮೇತ ಕೇಳುವುದು ನಿಮ್ಮನ್ನೇ. ಮೊದಲ ಫೋನಿನಲ್ಲೇ ಹೀಗೆ ಕೇಳಿ: "ನಮಗೆ ಭಾರತದಲ್ಲಿ ಮನೆ ಇದೆ. ಸ್ಟ್ಯಾಂಪ್ ಡ್ಯೂಟಿ ಸಲಹೆ ನೀವೇ ಕೊಡ್ತೀರಾ, ಇಲ್ಲ ತೆರಿಗೆ ತಜ್ಞರ ಹತ್ತಿರ ಕಳಿಸ್ತೀರಾ?" ಯಾವ ಉತ್ತರ ಬಂದರೂ ಪರವಾಗಿಲ್ಲ. ತಡವರಿಸಿದರೆ ಬೇರೆಯವರನ್ನು ನೋಡಿ.

ಇನ್ನು ಏಜೆಂಟ್ ಮಾತು. ಅವರು ಹೇಳಿದವರನ್ನೇ ಹಿಡಿಯಬೇಕು ಅಂತ ಯಾವ ಕಾನೂನೂ ಇಲ್ಲ. ಗಿರಾಕಿ ಕಳಿಸಿದ್ದಕ್ಕೆ ಏಜೆಂಟರಿಗೆ ದುಡ್ಡು ಸಿಗುವುದು ಇಲ್ಲಿ ಸಾಮಾನ್ಯ. ಅದನ್ನು ಅವರು ನಿಮಗೆ ತಿಳಿಸಲೇಬೇಕು. "ನಿಮಗೆ ಎಷ್ಟು ಬರುತ್ತೆ?" ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಏಜೆಂಟ್ ಹೇಳಿದವರು ಒಳ್ಳೆಯವರೂ ಇರಬಹುದು. ಆದರೆ ಏಜೆಂಟ್ ಕೆಲಸ ಮಾಡುವುದು ಮಾರುವವರ ಪರ ಅನ್ನುವುದು ನೆನಪಿರಲಿ.

ಅದೇ ಸದಸ್ಯೆ: 32,500 ನೋಡಿ ಎದೆ ಧಸಕ್ ಅಂತು ಮೇಡಂ. ಸದ್ಯ, ಈಗಲೇ ಗೊತ್ತಾಯಿತು. ಇನ್ನೊಂದು ಪ್ರಶ್ನೆ: ನಮ್ಮ ಲೆಂಡರ್ (ಸಾಲ ಕೊಡುವ ಬ್ಯಾಂಕ್) "ಪ್ಯಾನೆಲ್‌ನಲ್ಲಿ ಇರುವವರೇ ಬೇಕು" ಅಂತಾರೆ. ಏನದು?

ಉತ್ತರ: ಊರಿನಲ್ಲಿ ಬ್ಯಾಂಕಿನ ಪ್ಯಾನೆಲ್ ವಕೀಲರು ತಾಯಿಪತ್ರ, ಇಸಿ ಎಲ್ಲ ನೋಡಿ ಬ್ಯಾಂಕಿಗೆ ಲೀಗಲ್ ಒಪೀನಿಯನ್ ಕೊಡುತ್ತಾರಲ್ಲ? ಇಲ್ಲಿ ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ನಿಮ್ಮ ಕೆಲಸವನ್ನೂ ಲೆಂಡರ್ ಕೆಲಸವನ್ನೂ ಮಾಡುತ್ತಾರೆ. ಅದಕ್ಕೇ ಲೆಂಡರ್ ತನ್ನದೊಂದು ಪಟ್ಟಿ ಇಟ್ಟುಕೊಂಡಿರುತ್ತದೆ. ನೀವು ಆರಿಸಿದವರು ಅದರಲ್ಲಿ ಇಲ್ಲದಿದ್ದರೆ ಲೆಂಡರ್ ತನ್ನ ಪರ ಬೇರೆಯವರನ್ನು ನೇಮಿಸಬಹುದು. ಆ ಫೀಸೂ ನಿಮ್ಮ ತಲೆಗೇ ಬರುತ್ತದೆ, ಕೆಲಸವೂ ಎಳೆಯುತ್ತದೆ. ಸಂಸ್ಥೆಯ ಹೆಸರನ್ನು ಲೆಂಡರ್ ಅಥವಾ ಬ್ರೋಕರ್ ಹತ್ತಿರ ಹೇಳಿ ಮೊದಲೇ ಖಚಿತ ಮಾಡಿಕೊಳ್ಳಿ.

ಒಬ್ಬರೇ ಇಬ್ಬರ ಪರ ಇರುವುದರಿಂದ ಸಾಲಕ್ಕೆ ಸಂಬಂಧಪಟ್ಟ ಯಾವುದನ್ನೂ ಅವರು ಲೆಂಡರ್‌ನಿಂದ ಮುಚ್ಚಿಡುವಂತಿಲ್ಲ. ಸ್ನೇಹಿತರ ಹತ್ತಿರ ಕೈಸಾಲ ತಂದು ಡೆಪಾಸಿಟ್‌ಗೆ ಸೇರಿಸಿದ್ದರೆ ಅದನ್ನೂ ಹೇಳಲೇಬೇಕು. ಬೇಡ ಅಂತ ನೀವು ತಡೆದರೆ ಅವರು ಫೈಲ್ ಕೈಬಿಡಬೇಕಾಗಬಹುದು.

ಪ್ರಶ್ನೆ (ಮ್ಯಾಂಚೆಸ್ಟರ್‌ನಿಂದ ಒಬ್ಬ ಸದಸ್ಯರು): ಮೇಡಂ, ಮಧ್ಯೆ ಬರ್ತಿದ್ದೇನೆ. ಅಪ್ಪ ಮೈಸೂರಿನ ಸೈಟ್ ಮಾರಿ ಡೆಪಾಸಿಟ್‌ಗೆ ದುಡ್ಡು ಕೊಡ್ತಿದ್ದಾರೆ. ಕ್ರಯಪತ್ರ ಕನ್ನಡದಲ್ಲಿದೆ. ತೊಂದರೆ ಆಗುತ್ತಾ?

ಉತ್ತರ: ತೊಂದರೆ ಇಲ್ಲ, ಆದರೆ ಸಮಯ ಬೇಕು. ದುಡ್ಡು ಎಲ್ಲಿಂದ ಬಂತು ಅಂತ ನೋಡುವುದು ಸಾಲಿಸಿಟರಿಗೆ ಕಾನೂನಿನ ಕಟ್ಟುಪಾಡು. ನಿಮ್ಮ ವಿಷಯದಲ್ಲಿ ಅವರು ಒಂದು ಸರಪಳಿ ಹುಡುಕುತ್ತಾರೆ: ಸೈಟಿನ ಕ್ರಯಪತ್ರ, ಆ ಮೊತ್ತ ಅಪ್ಪನ ಖಾತೆಗೆ ಬಂದ ಸ್ಟೇಟ್‌ಮೆಂಟ್, ಅಲ್ಲಿಂದ ನಿಮ್ಮ ಖಾತೆಗೆ ಬಂದ ದಾಖಲೆ. ಕ್ರಯಪತ್ರದ ಮೊತ್ತಕ್ಕೂ ಖಾತೆಗೆ ಬಂದ ಮೊತ್ತಕ್ಕೂ ತಾಳೆ ಆಗಬೇಕು. ಪತ್ರದಲ್ಲಿ ಕಾಣದ ನಗದು ಇಲ್ಲಿ ನಡೆಯೋದಿಲ್ಲ, ಇದನ್ನು ಅಪ್ಪನಿಗೆ ಮೊದಲೇ ಬಿಡಿಸಿ ಹೇಳಿ. ಕನ್ನಡದ ಪತ್ರಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಕೇಳುತ್ತಾರೆ. ಅಪ್ಪನ ಗುರುತಿನ ಚೀಟಿ ಬೇಕು. "ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ನನಗೆ ಹಕ್ಕು ಬೇಡ" ಅಂತ ಅವರ ಸಹಿ ಇರುವ ಪತ್ರವೂ ಬೇಕು.

ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಸಾಮಾನ್ಯವಾಗಿ ಶೇ. 10 ಡೆಪಾಸಿಟ್ ಎಕ್ಸ್‌ಚೇಂಜ್ (ಸಹಿಯಾದ ಕರಾರು ಅದಲುಬದಲಾಗಿ ವ್ಯವಹಾರ ಖಾಯಂ ಆಗುವ) ದಿನಕ್ಕೇ ಸಾಲಿಸಿಟರ್ ಕೈಯಲ್ಲಿರಬೇಕು. ಆಗ ಓಡಾಡಿದರೆ ಆಗೋದಿಲ್ಲ.

ಸಾಲಿಸಿಟರ್ ಹುಡುಕುವಾಗ "ಭಾರತದಿಂದ ಬರುವ ಉಡುಗೊರೆ ಹಣ ಒಪ್ಪುತ್ತೀರಾ?" ಅಂತ ಕೇಳಿ. ಕೆಲವರು ಹೊರದೇಶದ ಹಣ ಅಂದ ಕೂಡಲೇ ಬೇಡ ಅನ್ನುತ್ತಾರೆ. ಅದು ಎಂಟನೇ ವಾರದಲ್ಲಿ ಗೊತ್ತಾಗುವ ಬದಲು ಮೊದಲ ದಿನವೇ ಗೊತ್ತಾಗಲಿ.

ಪ್ರಶ್ನೆ (ಕ್ರಾಯ್ಡನ್‌ನಿಂದ ಇನ್ನೊಬ್ಬರು): ಲೈಸೆನ್ಸ್‌ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆ ಕೆಲಸಕ್ಕೆ ಪರವಾನಗಿ ಪಡೆದವರು) ಸಾಕಾ, ಸಾಲಿಸಿಟರೇ ಆಗಬೇಕಾ? ನಾವು ನೋಡಿರೋದು ಲೀಸ್‌ಹೋಲ್ಡ್ (ಇಂತಿಷ್ಟು ವರ್ಷಕ್ಕೆ ಮಾತ್ರ ಹಕ್ಕಿರುವ) ಫ್ಲ್ಯಾಟ್. ಮತ್ತೆ, ಕೊಟೇಶನ್‌ನಲ್ಲಿ ಏನು ನೋಡಬೇಕು?

ಉತ್ತರ: ಇಬ್ಬರೂ ಆಗುತ್ತಾರೆ. ಕನ್ವೇಯನ್ಸರ್‌ಗಳಿಗೂ ಸಾಲಿಸಿಟರ್‌ಗಳಿಗೂ ಬೇರೆ ಬೇರೆ ನಿಯಂತ್ರಣ ಸಂಸ್ಥೆಗಳಿವೆ. ಎರಡರ ವೆಬ್‌ಸೈಟಿನಲ್ಲೂ ಹೆಸರು ಹುಡುಕಿ ನೋಡಬಹುದು, ಸುಮ್ನೆ ನಂಬಬೇಡಿ. ನಿಮಗೆ ಮುಖ್ಯವಾದದ್ದು ಲೀಸ್‌ಹೋಲ್ಡ್ ಅನುಭವ. ಲೀಸ್ ಇನ್ನೆಷ್ಟು ವರ್ಷ ಉಳಿದಿದೆ, ಗ್ರೌಂಡ್ ರೆಂಟ್ (ಜಾಗದ ಒಡೆಯರಿಗೆ ಕಟ್ಟುವ ಬಾಡಿಗೆ) ಹೇಗೆ ಏರುತ್ತದೆ, ಎತ್ತರದ ಕಟ್ಟಡವಾದರೆ ಹೊರಗೋಡೆಯ ಬೆಂಕಿ ಸುರಕ್ಷತೆ ಹೇಗಿದೆ, ಇದೆಲ್ಲ ಲೆಂಡರ್‌ಗೂ ಬೇಕು. ಉಳಿದದ್ದು 80 ವರ್ಷಕ್ಕಿಂತ ಕಡಿಮೆ ಅಂದರೆ ತುಂಬ ಹುಷಾರಾಗಿರಿ.

ಕೊಟೇಶನ್‌ನಲ್ಲಿ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಲೀಸ್‌ಹೋಲ್ಡ್‌ಗೆ ಜಾಸ್ತಿ, ಲೆಂಡರ್ ಕೆಲಸಕ್ಕೆ ಜಾಸ್ತಿ, ಉಡುಗೊರೆ ಹಣ ಪರಿಶೀಲಿಸೋಕೆ ಜಾಸ್ತಿ, ಸ್ಟ್ಯಾಂಪ್ ಡ್ಯೂಟಿ ರಿಟರ್ನ್‌ಗೆ ಜಾಸ್ತಿ ಅಂತ ಕೆಳಗೆ ಸಣ್ಣ ಸಾಲುಗಳಿರುತ್ತವೆ. ಸರ್ಚ್ (ಮನೆಯ ಬಗ್ಗೆ ದಾಖಲೆ ಹುಡುಕುವ) ಫೀಸು, ಲ್ಯಾಂಡ್ ರಿಜಿಸ್ಟ್ರಿ (ಮನೆ ನೋಂದಣಿ) ಫೀಸು ಬೇರೆ, ಅವರ ಫೀಸಿನ ಮೇಲೆ ಶೇ. 20 ವ್ಯಾಟ್ ಬೇರೆ. ಎಲ್ಲ ಕೂಡಿಸಿ ಒಂದೇ ಮೊತ್ತ ಬರೆದು ಕೊಡಿ ಅನ್ನಿ. ವ್ಯವಹಾರ ಮುರಿದರೆ ಎಷ್ಟು ಕಟ್ಟಬೇಕು ಅಂತಲೂ ಕೇಳಿ. ಎಕ್ಸ್‌ಚೇಂಜ್ ಆಗುವ ತನಕ ಮಾರುವವರು ಹಿಂದೆ ಸರಿಯಬಹುದು.

ನಾನಾದರೆ ಫೀಸಿಗಿಂತ ಒಂದು ಪ್ರಶ್ನೆಗೆ ಜಾಸ್ತಿ ಬೆಲೆ ಕೊಡುತ್ತೇನೆ: "ನನ್ನ ಫೈಲ್ ಯಾರ ಕೈಯಲ್ಲಿರುತ್ತೆ? ಅವರ ಹೆಸರು, ನೇರ ನಂಬರ್ ಕೊಡಿ. ಅವರು ರಜೆ ಹೋದರೆ ಯಾರು ನೋಡ್ತಾರೆ?" ಇದಕ್ಕೆ ಕಾಲ್ ಸೆಂಟರ್ ನಂಬರ್ ಮಾತ್ರ ಸಿಕ್ಕರೆ ನಾನು ಮುಂದುವರಿಯುವುದಿಲ್ಲ.

ಆ ನೇರ ನಂಬರ್ ಇನ್ನೊಂದಕ್ಕೂ ಬೇಕು. ದುಡ್ಡು ಕಳಿಸುವ ಹೊತ್ತಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಲ್ಲೇ ಕಳ್ಳ ಇಮೇಲ್ ಬರುವುದುಂಟು. ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಮೊದಲ ದಿನ ಬರೆದಿಟ್ಟುಕೊಂಡ ನಂಬರಿಗೆ ಮಾಡಿ, ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿ ಖಚಿತ ಮಾಡಿಕೊಂಡು ಆಮೇಲೆ ಕಳಿಸಿ.