ಸಹಾಯ ಬೇಕು: ಮೇಣಕ್ಕೆ ಹಾಕುವ ಎರಡೂವರೆ ಗ್ರಾಂ ವೈಬಾರ್ ತೂಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಮಳೆಗಾಲದಲ್ಲಿ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ, ಹಾಗಾಗಿ ಮೇಣದಬತ್ತಿ ಮಾಡೋಕೆ ಶುರು ಮಾಡಿದೆ. ಈಗ ದೀಪಾವಳಿಗೆ ಪರಿಮಳದ್ದು ಬೇಕು ಅಂತ ನಾಲ್ಕು ಜನ ಹೇಳಿದ್ದಾರೆ.

ತೊಂದರೆ ತಕ್ಕಡಿಯದ್ದು. ಪರಿಮಳದ ಎಣ್ಣೆ ಮೇಣದಲ್ಲಿ ನಿಲ್ಲಲಿ ಅಂತ ವೈಬಾರ್ ಅನ್ನುವ ಪದಾರ್ಥ ಬೆರೆಸುತ್ತಾರೆ. 500 ಗ್ರಾಂ ಪ್ಯಾರಾಫಿನ್ ಮೇಣಕ್ಕೆ ಶೇ. 0.5 ವೈಬಾರ್ ಅಂದರೆ ಎರಡೂವರೆ ಗ್ರಾಂ. ನನ್ನ ಅಡುಗೆಮನೆ ತಕ್ಕಡಿ ಒಂದೊಂದೇ ಗ್ರಾಂ ತೋರಿಸುತ್ತದೆ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಅಲ್ಲಾಡುವುದೇ ಇಲ್ಲ, ಸೊನ್ನೆಯಲ್ಲೇ ಕೂತಿರುತ್ತದೆ! ಕಳೆದ ಸಲ ಕಣ್ಣಂದಾಜಲ್ಲಿ ಸುರಿದೆ. ಬತ್ತಿ ನೋಡೋಕೆ ಚೆಂದ, ಉರಿಸಿದರೆ ಪರಿಮಳವೇ ಇಲ್ಲ. ವೈಬಾರ್ ಜಾಸ್ತಿಯಾದರೆ ಪರಿಮಳವನ್ನು ಒಳಗೇ ಹಿಡಿದಿಡುತ್ತದಂತೆ. ಚಮಚದ ಲೆಕ್ಕವೂ ಬೇಡ ಅನ್ನಿಸಿದೆ, ಪುಡಿಗೂ ಕಾಳಿಗೂ ಒಂದೇ ಚಮಚದಲ್ಲಿ ತೂಕ ಬೇರೆ ಅಲ್ವಾ.

ನನಗೆ ಹೊಳೆದದ್ದು ಇದು: 90 ಗ್ರಾಂ ಮೇಣ ಕರಗಿಸಿ, ಅದರಲ್ಲಿ 10 ಗ್ರಾಂ ವೈಬಾರ್ ಪೂರ್ತಿ ಕರಗಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿಸುವುದು. ಆಮೇಲೆ ಅದರಲ್ಲಿ 25 ಗ್ರಾಂ ಮುರಿದು 475 ಗ್ರಾಂ ಮೇಣಕ್ಕೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಯಾರಾದರೂ ಹೀಗೆ ಮಾಡಿದ್ದೀರಾ? ತಟ್ಟೆಯ ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆಗಿಬಿಡುತ್ತದಾ?

ಇಲ್ಲಾಂದ್ರೆ ಚಿನ್ನ ತೂಗುವ 0.01 ಗ್ರಾಂನ ಪುಟ್ಟ ತಕ್ಕಡಿಯನ್ನೇ ತಗೊಳ್ಳಲಾ? ನಮ್ಮೂರ ಥಂಡಿಗೆ, ಸೆಲ್ ಇಳಿದಾಗ ಅದು ಸರಿಯಾಗಿ ತೂಗುತ್ತದಾ?

ಇನ್ನೊಂದು. ಪರಿಮಳದ ಎಣ್ಣೆ ಶೇ. 8 ಅಂದರೆ ಮೇಣದ ತೂಕದ ಮೇಲೋ, ಒಟ್ಟು ತೂಕದ ಮೇಲೋ? ಅರ್ಧ ಕೆಜಿ ಮೇಣಕ್ಕೆ 40 ಗ್ರಾಂ ಒಂದು ಲೆಕ್ಕ, ಸುಮಾರು 43.5 ಇನ್ನೊಂದು. ಎಣ್ಣೆ ದುಬಾರಿ, ಸುಮ್ನೆ ಸುರಿಯೋಕೆ ಮನಸ್ಸಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.