ಗೋಧಿ ಬಣ್ಣ, ರಾಗಿ ಪದ್ಯ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಅರಸೀಕೆರೆ ಕಡೆಯ ಓದುಗಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಎಂ.ಎ. ಮುಗಿಸಿ ಮನೆಯಲ್ಲಿದ್ದಾರೆ. ಮನೆಯವರು ಗಂಡು ನೋಡುತ್ತಿದ್ದಾರೆ. ಮೈಬಣ್ಣ ಕಪ್ಪು. ಬಯೋಡೇಟಾದಲ್ಲಿ ಅಮ್ಮ ‘ಗೋಧಿ ಬಣ್ಣ’ ಎಂದು ಹಾಕಿಸಿದ್ದಾರೆ. ಅದನ್ನೇ ಇಟ್ಟುಕೊಂಡು ಇವರೊಂದು ಪದ್ಯ ಬರೆದು ಕವಿಗೋಷ್ಠಿಯಲ್ಲಿ ಓದಿದರು. ಯಾರೋ ವಿಡಿಯೊ ಮಾಡಿ ವಾಟ್ಸಾಪ್‌ಗೆ ಬಿಟ್ಟರು. ಹೆಚ್ಚುಕಮ್ಮಿ ಕುದುರಿದ್ದ ಸಂಬಂಧ ‘ಹುಡುಗಿಗೆ ಬಾಯಿ ಜಾಸ್ತಿ’ ಅಂತ ಮುರಿದುಹೋಯಿತು. ಈಗ ಮನೆಯಲ್ಲಿ ಪದ್ಯ ನಿಲ್ಲಿಸು ಎನ್ನುತ್ತಿದ್ದಾರೆ. ಬರೆಯುವುದು ಬಿಡಲೇ, ಬೇರೆ ಹೆಸರಿನಲ್ಲಿ ಬರೆಯಲೇ ಎಂಬುದು ಅವರ ಪ್ರಶ್ನೆ. ಪದ್ಯ ಹೀಗಿತ್ತು:

ಗೋಧಿ ಎಂದು ಬರೆಸಿದಳು ಅಮ್ಮ,
ನಮ್ಮ ಹೊಲದಲ್ಲಿ ಬೆಳೆಯೋದು ರಾಗಿ.
ನೋಡಲು ಬಂದವರು ತಿಂದು ಹೋದರು
ಉಪ್ಪಿಟ್ಟು, ಕೇಸರಿಬಾತು, ನನ್ನ ಮುಖ.
ಕ್ರೂರ ಸಮಾಜವೇ, ನಿನಗೆ ಧಿಕ್ಕಾರ!

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮಗಳೇ, ಮೊದಲು ಪದ್ಯದ ಮಾತು. ಮದುವೆ ಮಾತಾಡುವುದಕ್ಕೆ ನಿನಗೆ ಮನೆ ತುಂಬ ಜನ ಇದ್ದಾರೆ. ಮೊದಲ ನಾಲ್ಕು ಸಾಲು ಓದಿ ಖುಷಿಯಾಯಿತು. ಕೊನೆಯ ಸಾಲು ತೆಗೆದುಬಿಡು. ‘ಧಿಕ್ಕಾರ’ ಅಂದ ಕೂಡಲೇ ಸಭೆ ಚಪ್ಪಾಳೆ ತಟ್ಟುತ್ತದೆ, ಪದ್ಯ ಅಲ್ಲಿಗೇ ಸತ್ತುಹೋಗುತ್ತದೆ. ಉಪ್ಪಿಟ್ಟಿನ ಜೊತೆ ಮುಖವನ್ನೂ ತಿಂದು ಹೋದರು ಅಂದೆಯಲ್ಲ, ಅದಕ್ಕಿಂತ ದೊಡ್ಡ ಬೈಗುಳ ಇನ್ನೇನು ಬೇಕು?

ರಾಗಿಯನ್ನು ಬೇಕೆಂದೇ ತಂದೆಯೋ, ಸುಮ್ನೆ ಬಂತೋ, ನೀನೇ ಹೇಳಬೇಕು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ನೀನು ಯಾವ ಲೆಕ್ಕ ಅಂತ ಭತ್ತ ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆಚೆ ತೆಗೆದಾಗ ಭತ್ತ ಸೊರಗಿಹೋಗಿರುತ್ತದೆ, ರಾಗಿ ಹಾಗೇ ಗಟ್ಟಿಯಾಗಿರುತ್ತದೆ. ಕನಕದಾಸರ ಸಿಟ್ಟು ಮೇಲು ಕೀಳು ಮಾಡುವವರ ಮೇಲಿತ್ತು. ನೀನು ಅದೇ ರಾಗಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ತಂದು ಕೂರಿಸಿದ್ದೀಯ. ಸಣ್ಣ ಕೆಲಸ ಅಲ್ಲ ಇದು.

ಇನ್ನು ‘ಬಾಯಿ ಜಾಸ್ತಿ’ ವಿಷಯ. ಸಂಚಿಯ ಹೊನ್ನಮ್ಮ 17ನೇ ಶತಮಾನದವಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿಯ ಊಳಿಗ. ಬರೆದದ್ದು ‘ಹದಿಬದೆಯ ಧರ್ಮ’. ಗಂಡನ ಮನೆಯಲ್ಲಿ ಹೆಣ್ಣು ಹೇಗೆ ತಗ್ಗಿ ಬಗ್ಗಿ ನಡೆಯಬೇಕು ಅಂತ ಹೇಳುವ ಸಾಂಗತ್ಯ ಕಾವ್ಯ. ಅದರ ಒಳಗೇ ಹೀಗೆ ಕೇಳಿಬಿಟ್ಟಳು:

ಪೆಣ್ಣಲ್ಲವೆ ತಮ್ಮನ್ನೆಲ್ಲ ಪೆತ್ತವಳು
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ಹೆಣ್ಣನ್ನು ಹಳಿಯುವವರನ್ನು ಕಣ್ಣಿಲ್ಲದ ದಡ್ಡರು ಅಂದಳು, ಅದೂ ಅರಮನೆಯಲ್ಲಿ ಕೂತು. ಆ ಪುಸ್ತಕದ ಉಪದೇಶ ಇವತ್ತು ಎಷ್ಟು ಜನಕ್ಕೆ ನೆನಪಿದೆ? ಈ ನಾಲ್ಕು ಸಾಲು ಮಾತ್ರ ಶಾಲೆ ಮಕ್ಕಳ ಬಾಯಲ್ಲೂ ಇವೆ. ಹೊನ್ನಮ್ಮ ಎಲ್ಲದಕ್ಕೂ ತಿರುಗಿ ನಿಂತವಳಲ್ಲ, ಅದನ್ನೂ ಹೇಳಬೇಕು. ಪತಿಯೇ ದೈವ ಅನ್ನುವ ಮಾತನ್ನು ತಾನೂ ಹೇಳುತ್ತಲೇ, ನಡುವೆ ಇಷ್ಟು ಜಾಗ ಮಾಡಿಕೊಂಡಳು. ನಿನಗೆ ಅವಳಿಗಿಂತ ಜಾಸ್ತಿ ಜಾಗ ಇದೆ. ಬರಿ.
– ನಿವೃತ್ತ ಕನ್ನಡ ಉಪನ್ಯಾಸಕ, ಹಾಸನ

*

ನಾನು ಬೇಲೂರಿನಲ್ಲಿ ಗೈಡ್. ಚೆನ್ನಕೇಶವ ದೇವಸ್ಥಾನ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು ಅಂತ ಶುರು ಮಾಡುವಷ್ಟರಲ್ಲೇ ಜನ ‘ಕನ್ನಡಿ ಹಿಡಿದವಳು ಎಲ್ಲಿ?’ ಅಂತ ಕೇಳುತ್ತಾರೆ. ದರ್ಪಣ ಸುಂದರಿ, ಅಲ್ಲಿನ ಮದನಿಕೆ ಶಿಲ್ಪಗಳಲ್ಲಿ ಒಬ್ಬಳು. ಕತ್ತೆತ್ತಿ ಅವಳ ಸೊಂಟ ನೋಡಿ, ಪಕ್ಕದಲ್ಲಿರುವ ಹೆಂಡತಿಗೆ ಒಂದು ಚುಚ್ಚುಮಾತು ಆಡುವ ಗಂಡಸರು ದಿನಾ ಸಿಗುತ್ತಾರೆ. ಆ ಹೆಂಗಸರು ನಕ್ಕು ಸುಮ್ಮನಾಗುತ್ತಾರೆ.

ಮೇಡಂ, ಆ ಮದನಿಕೆಯರೆಲ್ಲ ಬಳಪದ ಕಲ್ಲಿನವರು, ಕಪ್ಪು. ಒಬ್ಬಳೂ ಗೋಧಿ ಬಣ್ಣ ಅಲ್ಲ. ಆದರೂ ಜನ ಸುಂದರಿ ಅಂತಲೇ ಕರೆಯುತ್ತಾರೆ. ಕಲ್ಲಾದರೆ ಕಪ್ಪು ಚೆನ್ನ, ಸೊಸೆಯಾದರೆ ಬೇಡ. ಇದ್ಯಾವ ನ್ಯಾಯ? ಕನ್ನಡಿ ಅವಳ ಕೈಯಲ್ಲೇ ಇದೆ. ಅದರಲ್ಲಿ ಅವಳಿಗೆ ಏನು ಕಾಣುತ್ತಿದೆ ಅಂತ ಇಷ್ಟು ಜನರಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಕೇಳಿದರೂ ನನ್ನ ಹತ್ತಿರ ಉತ್ತರ ಇಲ್ಲ. ನೀವು ಬರೆದರೆ ಅದನ್ನು ಹೇಳಿಕೊಂಡು ತಿರುಗುತ್ತೇನೆ.
– ಬೇಲೂರಿನ ಓದುಗ

*

ಪುಟ್ಟಿ, ಎಲ್ಲರೂ ನಿನಗೆ ಶಭಾಷ್ ಅನ್ನುತ್ತಾರೆ. ನಾನು ನಿಮ್ಮಮ್ಮನ ಪರ. ನನಗೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ನೋಡಲು ಬಂದ ದಿನ ಕಿಟಕಿ ಪಕ್ಕ ಕೂರಿಸಬೇಡ ಅಂತ ನನ್ನ ಓರಗಿತ್ತಿ ಹೇಳಿದಳು. ಟ್ಯೂಬ್‌ಲೈಟ್ ಕೆಳಗೆ ಕುರ್ಚಿ ಹಾಕಿದೆವು. ಪೌಡರ್ ಗಲ್ಲದ ಹತ್ತಿರವೇ ನಿಂತು, ಕತ್ತು ಬೇರೆ, ಮುಖ ಬೇರೆ ಕಾಣುತ್ತಿತ್ತು. ನಾನೇ ಸೆರಗಿನಿಂದ ತೀಡಿ ಕೆಳಗಿಳಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಯಾವ ತಾಯಿಗೂ ಇದು ಇಷ್ಟದ ಕೆಲಸ ಅಲ್ಲ ಕಣಮ್ಮ. ‘ಗೋಧಿ ಬಣ್ಣ’ ಅಂತ ಹಾಕದಿದ್ದರೆ ಬಯೋಡೇಟಾ ತೆರೆದೂ ನೋಡುವುದಿಲ್ಲ ಅಂತ ಬ್ರೋಕರ್ ಹೆದರಿಸಿರುತ್ತಾನೆ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಕಂಪನಿಯವರೇ ಹೆಸರಿನಿಂದ ‘ಫೇರ್’ ತೆಗೆದರು. ಬ್ರೋಕರುಗಳ ಬಾಯಿಂದ ಯಾರು ತೆಗೆಯುತ್ತಾರೆ? ನಿನ್ನ ಪದ್ಯ ನಿಮ್ಮಮ್ಮನಿಗೆ ಬೇರೆ ಯಾರದೋ ಫೋನಿನಲ್ಲಿ ಕೇಳಿಸಿರಬೇಕು. ನೋವಾಗುವುದು ಅಲ್ಲೇ. ಮುಂದಿನ ಪದ್ಯ ಮೊದಲು ಅಡುಗೆಮನೆಯಲ್ಲಿ ಅವರಿಗೆ ಓದು. ಬೈದರೆ ಬೈಯಲಿ.
– ಹೆಸರು ಬೇಡ, ಮೂಡಿಗೆರೆ

*

ಬೇರೆ ಹೆಸರಿನ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಇದು ಹಳೆಯ ರೂಢಿ. ತ್ರಿವೇಣಿ ಅಂದರೆ ಅನಸೂಯಾ ಶಂಕರ್. ವೈದೇಹಿಯವರ ಹೆಸರು ಜಾನಕಿ. ‘ಸುಧಾ’ಕ್ಕೆ ಕಳಿಸಿದ್ದ ಒಂದು ಕಥೆಯಲ್ಲಿ ನಿಜವಾಗಿ ನಡೆದ ಸಂಗತಿ ಇದೆ, ಹಾಕಬೇಡಿ ಅಂತ ಅವರು ಕೇಳಿಕೊಂಡರು. ಸಂಪಾದಕರು ವೈದೇಹಿ ಅಂತ ಹೆಸರಿಟ್ಟು ಅಚ್ಚು ಹಾಕಿಯೇಬಿಟ್ಟರು. ಆ ಹೆಸರೇ ನಿಂತಿತು.

ಆದರೆ ಆಗ ವಿಡಿಯೊ ಇರಲಿಲ್ಲ ಅಲ್ವಾ? ಮುಖ ತೋರಿಸಿ ವೇದಿಕೆ ಮೇಲೆ ಓದಿದ ಮೇಲೆ ಯಾವ ಹೆಸರಿಟ್ಟುಕೊಂಡರೂ ಅರಸೀಕೆರೆಗೆ ಗೊತ್ತಾಗುತ್ತದೆ. ಪತ್ರಿಕೆಗೆ ಕಳಿಸುವುದಾದರೆ ನಡೆಯುತ್ತದೆ. ನಾನೂ ಬೇರೆ ಹೆಸರಿನಲ್ಲೇ ಬರೆಯುತ್ತೇನೆ, ನನ್ನ ಗಂಡನಿಗೂ ಅತ್ತೆಗೂ ಗೊತ್ತು. ಆ ಹೆಸರು ಹಾಕಿ ಕೂತಾಗ ನಾನು ಯಾರ ಸೊಸೆಯೂ ಅಲ್ಲ, ಅಷ್ಟೊತ್ತು ಆರಾಮ. ನಿಮಗೂ ಹಾಗೆ ಅನ್ನಿಸಿದರೆ ಇಟ್ಟುಕೊಳ್ಳಿ.
– ಒಬ್ಬ ಕವಯಿತ್ರಿ, ಸಕಲೇಶಪುರ

*

ಪದ್ಯ ಎಲ್ಲೂ ಓಡಿಹೋಗುವುದಿಲ್ಲ ತಾಯಿ. ಡೈರಿಯಲ್ಲಿ ಬರೆದಿಟ್ಟುಕೋ. ಮದುವೆಯಾಗಲಿ, ಆಮೇಲೆ ಗಂಡನ ಒಪ್ಪಿಗೆ ತಗೊಂಡು ಪುಸ್ತಕವನ್ನೇ ಮಾಡು. ಇಲ್ಲಿ ಬರೆದವರೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಕೂರುವವಳು ನೀನು.
– ಹಿರಿಯ ಓದುಗರು, ಹೊಳೆನರಸೀಪುರ

*

ಅಕ್ಕ, ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಮ್ಮ ಮೇಡಂ ಒಂದು ದಿನ ಸಿಲಬಸ್ ಬಿಟ್ಟು ಅಮೆರಿಕದ ಮಾರ್ಜ್ ಪಿಯರ್ಸಿ ಅವರ ‘ಬಾರ್ಬಿ ಡಾಲ್’ ಪದ್ಯ ಓದಿದರು. 1970ರ ದಶಕದ್ದು. ಒಬ್ಬ ಹುಡುಗಿಗೆ ಚಿಕ್ಕಂದಿನಲ್ಲಿ ಆಟಕ್ಕೆ ಗೊಂಬೆ, ಪುಟಾಣಿ ಒಲೆ, ಇಸ್ತ್ರಿಪೆಟ್ಟಿಗೆ, ಲಿಪ್‌ಸ್ಟಿಕ್ ಕೊಡುತ್ತಾರೆ. ದೊಡ್ಡವಳಾದ ಮೇಲೆ ಕ್ಲಾಸಿನಲ್ಲಿ ಯಾರೋ ನಿನ್ನ ಮೂಗು ದೊಡ್ಡದು, ಕಾಲು ದಪ್ಪ ಅನ್ನುತ್ತಾರೆ. ಅವಳು ಗಟ್ಟಿಮುಟ್ಟಾಗಿದ್ದಾಳೆ, ಬುದ್ಧಿವಂತೆ. ಅದು ಯಾರಿಗೂ ಬೇಕಿಲ್ಲ. ಎಲ್ಲರ ಹತ್ತಿರ ತಪ್ಪಾಯ್ತು ತಪ್ಪಾಯ್ತು ಅಂತ ಓಡಾಡುತ್ತಾಳೆ. ಕೊನೆಗೆ ಮೂಗು, ಕಾಲು ಕತ್ತರಿಸಿ ಕೊಟ್ಟುಬಿಡುತ್ತಾಳೆ. ಶವಪೆಟ್ಟಿಗೆಯಲ್ಲಿ ಮೇಕಪ್ ಮಾಡಿ ಮಲಗಿಸಿದ ಮೇಲೆ ಎಲ್ಲರೂ ಚೆಂದ ಕಾಣ್ತಾಳೆ ಅನ್ನುತ್ತಾರೆ.

ಹಿಂದಿನ ಬೆಂಚಿನ ಹುಡುಗರು ನಕ್ಕರು. ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನ್ನನ್ನು ಹಾಸ್ಟೆಲಿನಲ್ಲಿ ‘ಡುಮ್ಮಿ’ ಅಂತಲೇ ಕರೆಯುವುದು, ಅದಕ್ಕೇ ಆ ಪದ್ಯ ಇನ್ನೂ ತಲೆಯಲ್ಲಿದೆ. ಆದರೆ ಅಲ್ಲಿ ಹುಡುಗಿ ಸಾಯುತ್ತಾಳೆ. ನಿಮ್ಮ ಪದ್ಯದಲ್ಲಿ ಅವಳು ಬಂದವರು ಏನೇನು ತಿಂದರು ಅಂತ ಲೆಕ್ಕ ಹಾಕುತ್ತಾ ಕೂತಿದ್ದಾಳೆ. ನನಗೆ ಇವಳೇ ಇಷ್ಟ. ನಿಮ್ಮ ವಿಡಿಯೊ ನನ್ನ ಫೋನಿಗೂ ಬಂದಿತ್ತು. ಡಿಲೀಟ್ ಮಾಡಿಲ್ಲ, ಬೈಯಬೇಡಿ.
– ವಿದ್ಯಾರ್ಥಿನಿ, ಚಿಕ್ಕಮಗಳೂರು

*

ನಾನು ಗಂಡಿನ ಕಡೆಯವನು. ಅಂದರೆ ಹೆಣ್ಣು ಹುಡುಕುತ್ತಿರುವವನು. ನಮ್ಮ ಮನೆಯವರೂ ಬಣ್ಣ ಕೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನನ್ನ ಬಯೋಡೇಟಾ ತೆಗೆದು ನೋಡಿದೆ. ಅದರಲ್ಲಿ ಬಣ್ಣದ ಸಾಲೇ ಇಲ್ಲ. ಸಂಬಳ, ತೆಂಗಿನ ತೋಟ, ಎಷ್ಟು ಜನ ಅಕ್ಕತಂಗಿಯರು, ಅಷ್ಟೇ. ನಾನೂ ಕಪ್ಪೇ. ಇಷ್ಟು ಮನೆಗೆ ಹೋಗಿ ಬಂದೆ, ಒಬ್ಬರೂ ಕೇಳಲಿಲ್ಲ. ಕೂದಲು ಉದುರಿರುವುದನ್ನು ಮಾತ್ರ ಫೋಟೊದಲ್ಲಿ ಟೋಪಿ ಹಾಕಿ ಮುಚ್ಚಿದ್ದೇನೆ. ಅದರ ಮೇಲೂ ಒಂದು ಪದ್ಯ ಬರೆದರೆ ನನಗೇನೂ ಬೇಜಾರಿಲ್ಲ.
– ಓದುಗ, ಕಡೂರು